ಅಕ್ಕನ ಅಡುಗೆಮನೆಗೆ ಚಿಮ್ನಿ ಬಂದದ್ದು

ನನ್ನ ಅಕ್ಕನಷ್ಟು ಪುಕ್ಕಲು ಹೆಂಗಸನ್ನು ನಾನು ಕಂಡಿಲ್ಲ. ಮನೆಗೆ ಬೀಗ ಹಾಕಿ ಬೀದಿ ತುದಿ ತಲುಪಿದವಳು ವಾಪಸ್ ಬಂದು ಬೀಗ ಜಗ್ಗಿ ನೋಡುತ್ತಾಳೆ. ಹೊಲಿಗೆ ಅವಳ ಕಸುಬು. ಮುಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಲೇ ಇಡೀ ಮನೆಗೆ ಕಿವಿ ಕೊಟ್ಟಿರುತ್ತಾಳೆ. ಯಾರಾದರೂ ಸ್ನಾನಕ್ಕೆ ಹೋದರೆ ಆಗಾಗ "ಇದ್ದೀಯಾ?" ಎಂದು ಕೂಗುತ್ತಾಳೆ. ಒಳಗಿದ್ದವರು "ಇದ್ದೀನಿ" ಎನ್ನಲೇಬೇಕು. ಮಗಳಿಗೆ ಇದರಿಂದ ತಲೆಚಿಟ್ಟು ಹಿಡಿದಿತ್ತು. ಬೇಕೆಂದೇ ಸುಮ್ಮನಿದ್ದು ಅಮ್ಮನನ್ನು ಗೋಳು ಹೊಯ್ದುಕೊಳ್ಳುವುದೂ ಇತ್ತು.

ಅಡುಗೆಮನೆಯನ್ನು ಹೊಸದು ಮಾಡಿಸುವಾಗ ಭಾವ ಒಲೆಯ ಮೇಲೆ ಹೊಗೆ ಎಳೆಯುವ ಚಿಮ್ನಿ ಹಾಕಿಸಿದರು. ಅವರು ಕೈಹಾಕಿದ ಕೆಲಸ ಎಂದಮೇಲೆ ಕೇಳಬೇಕೆ! ಗೋಡೆಯ ಮೇಲೆ ತಾವೇ ಸೀಮೆಸುಣ್ಣದಲ್ಲಿ ಗೆರೆ ಎಳೆದು ಗಾರೆಯವನಿಗೆ ತೋರಿಸಿದರು. ಕೊಳವೆ ಅಗಲವಾಗಿರಬೇಕು, ಗಿಡ್ಡವಾಗಿರಬೇಕು, ಒಂದೇ ತಿರುವು, ಹೊರಗೋಡೆಯಲ್ಲಿ ಹಕ್ಕಿ ನುಗ್ಗದಂತೆ ಮುಚ್ಚಳ. ಒಂದರಲ್ಲೂ ತಪ್ಪಿರಲಿಲ್ಲ. ಜೊತೆಗೆ ರಸ್ತೆಯ ಧೂಳು ಬಾರದಿರಲೆಂದು ಕಿಟಕಿ ಸಂದಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದರು. ಹೊಗೆ ಹೋಗುವ ದಾರಿಯನ್ನು ಅಷ್ಟು ಯೋಚಿಸಿದ ಮನುಷ್ಯ, ಅದರ ಜಾಗಕ್ಕೆ ಗಾಳಿ ಎಲ್ಲಿಂದ ಬರಬೇಕು ಎಂದು ಯೋಚಿಸಲಿಲ್ಲ. ನಾವೂ ಯೋಚಿಸಲಿಲ್ಲ ಬಿಡಿ.

ಚಿಮ್ನಿ ಶುರುವಾದ ಬೆಳಿಗ್ಗೆ ನಾನೂ ಅಲ್ಲಿದ್ದೆ. ಭಾವ ಗುಂಡಿ ಒತ್ತಿದರು. ಬಾಣಲೆಯ ಹೊಗೆ ಸರ್ರನೆ ಮೇಲೇರಿ ಮಾಯವಾಯಿತು. ಅವರ ಮುಖ ನೋಡಬೇಕಿತ್ತು! ಪಕ್ಕದ ಬಚ್ಚಲುಮನೆಯಲ್ಲಿ ಮಗಳು ಗ್ಯಾಸ್ ಗೀಸರ್ ಹಚ್ಚಿಕೊಂಡು ಸ್ನಾನ ಮಾಡುತ್ತಿದ್ದಳು. ಕಾಲು ಗಂಟೆಯಾದರೂ ನಾವಿಬ್ಬರು ಚಿಮ್ನಿಯ ಮುಂದಿನಿಂದ ಕದಲಲಿಲ್ಲ.

"ಇದ್ದೀಯಾ?" ಮುಂದಿನ ಕೋಣೆಯಿಂದ ಅಕ್ಕ ಕೂಗಿದಳು.

ಉತ್ತರ ಬರಲಿಲ್ಲ.

"ಇದ್ದೀಯೇನೇ? ಮಾತಾಡೇ!"

"ಆಟ ಆಡ್ತಿದಾಳೆ, ಸುಮ್ನಿರೇ," ಭಾವ ನಕ್ಕರು. ನಾನೂ ನಕ್ಕೆ.

ಅಕ್ಕ ಎದ್ದುಬಂದು ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ನೀರು ಬೀಳುತ್ತಿತ್ತು. ಯಾರೋ ಮೀಯುತ್ತಿರುವ ಸದ್ದಲ್ಲ ಅದು, ಬರೀ ನೆಲದ ಮೇಲೆ ಒಂದೇ ಸಮನೆ ಸುರಿಯುವ ಸದ್ದು. ಅಕ್ಕನ ಮುಖ ನೋಡಿ ನನ್ನ ನಗು ನಿಂತಿತು.

"ಒಡೀರಿ ಬಾಗ್ಲು! ಒಡೀರಿ!"

ಭಾವನೂ ನಾನೂ ಹೆಗಲು ಕೊಟ್ಟು ಗುದ್ದಿದೆವು. ಚಿಲಕ ಕಿತ್ತು ಬಂತು. ಹುಡುಗಿ ಗೋಡೆಯ ಬುಡದಲ್ಲಿ ಕುಸಿದಿದ್ದಳು, ಕತ್ತು ವಾಲಿತ್ತು. ಅಕ್ಕ ಕೈಗೆ ಸಿಕ್ಕಿದ ಬಟ್ಟೆ ಸುತ್ತಿದಳು. ಎತ್ತಿಕೊಂಡು ಹೋಗಿ ಹೊರಬಾಗಿಲ ಮುಂದೆ ಮಲಗಿಸಿದೆವು.

ಕಿಟಕಿಗಳೆಲ್ಲ ಬಿಗಿಯಾಗಿ ಮುಚ್ಚಿದ್ದರಿಂದ ಚಿಮ್ನಿ ಬಚ್ಚಲುಮನೆಯ ಗಾಳಿಯನ್ನೇ ಹೀರಿತ್ತು. ಗೀಸರಿನ ಕೊಳವೆಯಿಂದ ಹೊರಗೆ ಹೋಗಬೇಕಾದ ವಿಷಗಾಳಿ ತಿರುಗಿ ಒಳಗೇ ಬಂದಿತ್ತು. ಇದೆಲ್ಲ ಆಮೇಲೆ ಗೊತ್ತಾದದ್ದು. ಆಗ ಗೊತ್ತಿದ್ದದ್ದು ಅವಳು ಕಣ್ಣು ಬಿಡುತ್ತಿಲ್ಲ ಎನ್ನುವುದೊಂದೇ. ಆಂಬುಲೆನ್ಸಿಗೆ ಫೋನ್ ಮಾಡಿದಾಗ ನಾನು ವಿಳಾಸವನ್ನು ಎರಡು ಸಲ ತಪ್ಪಾಗಿ ಹೇಳಿ ತಿದ್ದಿದೆ. ಭಾವ ಮಗಳ ಅಂಗಾಲು ಉಜ್ಜುತ್ತಿದ್ದರು, ನಿಲ್ಲಿಸಲು ಹೆದರಿದವರಂತೆ. ಅಷ್ಟು ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ, ಆಗುವುದೂ ಬೇಡ.

ಆಂಬುಲೆನ್ಸ್ ಬೀದಿಗೆ ತಿರುಗುವ ಹೊತ್ತಿಗೆ ಅವಳ ತುಟಿ ಅಲುಗಿತು.

"ಅಮ್ಮಾ... ತಲೆ ತುಂಬಾ ನೋಯ್ತಿದೆ."

"ನೋಯ್ಲಿ ಕಂದಾ," ಎಂದಳು ಅಕ್ಕ, ಅವಳನ್ನು ಎದೆಗವಚಿಕೊಂಡು ಗೊಳೋ ಎಂದು ಅಳುತ್ತಾ. "ನೋಯ್ಲಿ, ನೋಯ್ಲಿ."