ಬರ್ಲಿ, ಬರ್ಲಿ

ಹತ್ತೊಂಬತ್ತು ವರ್ಷ ಒಂದೇ ಬಸ್ಸಿನಲ್ಲಿ ದುಡಿದವರು ಅವರಿಬ್ಬರು, ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್. ಡ್ರೈವರನಿಗೆ ಪ್ರಯಾಣಿಕರು ಇಟ್ಟ ಹೆಸರು ನಿಧಾನಪ್ಪ. ಗಡಿಬಿಡಿಯವರು ಅವನ ಬಸ್ಸು ಹತ್ತುತ್ತಿರಲಿಲ್ಲ. ಬಸುರಿಯರು, ಮುದುಕರು ಕಾದು ಹತ್ತುತ್ತಿದ್ದರು. ಅಷ್ಟು ವರ್ಷದಲ್ಲಿ ಬಸ್ಸಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದರಲ್ಲಿ ಅರ್ಧ ಪಾಲು ಕಂಡಕ್ಟರನದು ಎಂದು ನಿಧಾನಪ್ಪನೇ ಹೇಳುತ್ತಿದ್ದ. ಇಕ್ಕಟ್ಟಾದ ಕೊನೆಯ ನಿಲ್ದಾಣದಲ್ಲಿ ಬಸ್ಸು ಹಿಂದಕ್ಕೆ ತೆಗೆಯುವಾಗ ಕಂಡಕ್ಟರ್ ಇಳಿದು, ತಗಡು ತಟ್ಟುತ್ತ, "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಎಂದು ಕೂಗುತ್ತಿದ್ದ. ನಿಧಾನಪ್ಪ ಕನ್ನಡಿಯ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಆ ದನಿ ಸಾಕಿತ್ತು.

ಐವತ್ತೊಂದನೆಯ ವಯಸ್ಸಿಗೆ ಎಡಗಣ್ಣು ಮಂಜಾಯಿತು. ವೈದ್ಯರು ಚಾಲನೆಗೆ ಅನರ್ಹ ಎಂದು ಬರೆದರು. ನಿಯಮ ಅವನ ಪರವಾಗಿತ್ತು: ಸೇವೆಯಲ್ಲಿರುವಾಗ ದೇಹ ಕೈಕೊಟ್ಟವನಿಗೆ ಅದೇ ದರ್ಜೆಯ ಬೇರೆ ಕೆಲಸ ಕೊಡಬೇಕು, ಹಿರಿತನ ಮುಂದುವರಿಯಬೇಕು. ಡಿಪೋದಲ್ಲಿ ಆ ದರ್ಜೆಯ ಹುದ್ದೆ ಖಾಲಿಯಿದ್ದದ್ದು ಒಂದೇ, ಸಂಚಾರ ನಿಯಂತ್ರಕನದು. ಗಾಜಿನ ಕೋಣೆ, ತಿರುಗುವ ಕುರ್ಚಿ, ಬಸ್ಸು ಹೊರಡುವ ಹೊತ್ತು ಬರೆಯುವ ಕೆಲಸ.

ಅರ್ಜಿ ಬರೆದು ನಿಧಾನಪ್ಪನಿಗೆ ರೂಢಿಯಿರಲಿಲ್ಲ. ಆ ಹೊತ್ತಿಗೆ ಕಂಡಕ್ಟರ್ ನೌಕರರ ಸಂಘದ ಕಾರ್ಯದರ್ಶಿಯಾಗಿದ್ದ. ಕ್ಯಾಂಟೀನಿನ ಮೇಜು ಒರೆಸಿ, ಹಾಳೆ ಹಾಸಿ ಹೇಳಿಕೊಟ್ಟ.

"ಬರ್ಕೋ ಅಣ್ಣಾ. 'ನನ್ನ ಸ್ವಂತ ಕೋರಿಕೆಯ ಮೇರೆಗೆ ಬೇರೆ ಕೆಲಸ ನೀಡಬೇಕಾಗಿ...'"

"ಸ್ವಂತ ಕೋರಿಕೆನಾ? ಕಣ್ಣೇನು ನಾನು ಕೇಳ್ಕೊಂಡಿದ್ದಕ್ಕೆ ಹೋಯ್ತೇನೋ?"

"ಅಯ್ಯೋ, ಅದು ಮರ್ಯಾದೆ ಮಾತು ಅಣ್ಣಾ. ಸಾಹೇಬ್ರಿಗೆ ಹಿಡಿಸುತ್ತೆ. ಬರ್ಲಿ ಪೆನ್ನು, ಬರ್ಲಿ, ಬರ್ಲಿ."

ಇಬ್ಬರೂ ನಕ್ಕರು. ನಿಧಾನಪ್ಪ ಸಹಿ ಹಾಕಿದ.

ಆದೇಶದಲ್ಲಿ ಗೇಟಿನ ಕಾವಲುಗಾರ ಎಂದಿತ್ತು, ಎಲ್ಲಕ್ಕಿಂತ ಕೆಳಗಿನ ದರ್ಜೆ. ಸಿಬ್ಬಂದಿ ಶಾಖೆಯ ಗುಮಾಸ್ತೆ ಕಡತ ತಿರುಗಿಸಿ 'ಸ್ವಂತ ಕೋರಿಕೆ' ಎಂಬಲ್ಲಿ ಬೆರಳಿಟ್ಟಳು.

"ಕಣ್ಣಿನ ತೊಂದರೆಯಿಂದ ಅಂತ ಬರ್ದಿದ್ರೆ ನಿಮ್ಮ ದರ್ಜೆನ ಯಾರೂ ಮುಟ್ಟೋ ಹಾಗಿರ್ಲಿಲ್ಲ. ನೀವಾಗೇ ಕೇಳ್ಕೊಂಡಿದೀರಿ. ಹಿರಿತನ ಇವತ್ತಿಂದ ಶುರು. ಸೇರಿದಾಗಿಂದ ಇಪ್ಪತ್ತಾರು ವರ್ಷದ ಸರ್ವೀಸು ಈ ಎರಡು ಪದಕ್ಕೆ ಹೋಯ್ತಲ್ಲ ಸ್ವಾಮಿ, ಯಾರು ಹೇಳ್ಕೊಟ್ರು?"

"ನಿಯಂತ್ರಕರ ಜಾಗ ಏನಾಯ್ತು?"

"ನಿಮಗೆ ಬೇಡವಾದ್ಮೇಲೆ ಬಡ್ತಿಗೆ ಬಿಟ್ರು. ಕಂಡಕ್ಟರ್‌ಗಳ ಪಟ್ಟೀಲಿ ಮೊದಲಿದ್ದೋರಿಗೆ ಹೋಯ್ತು."

ಮೊದಲಿದ್ದವನು ಯಾರೆಂದು ಅವನು ಕೇಳಲಿಲ್ಲ. ಮೇಲ್ಮನವಿಗೆ ಮೂವತ್ತು ದಿನವಿತ್ತು. ತಾನೇ ಹೇಳಿ ಬರೆಸಿದ್ದೆಂದು ಕಾರ್ಯದರ್ಶಿ ಒಂದು ಸಾಲು ಬರೆದುಕೊಟ್ಟರೆ ಆದೇಶ ತಿದ್ದಬಹುದು ಎಂದಳು ಗುಮಾಸ್ತೆ.

"ನಮ್ಮನೇಲಿ ಚಪ್ಪಲಿ ಎಲ್ಲಿ ಬಿಡ್ಬೇಕು ಅಂತ ಅವನಿಗೆ ಯಾರೂ ತೋರ್ಸಬೇಕಾಗಿರ್ಲಿಲ್ಲ," ಎಂದಳು ಹೆಂಡತಿ. "ಹೋಗಿ ಕೇಳಿ. ಮುಖ ನೋಡಿ ಕೇಳಿ."

ಗಾಜಿನ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ಕಂಡಕ್ಟರ್ ಕೂತಿದ್ದ. ನಿಧಾನಪ್ಪ ನಿಂತೇ ಕೇಳಿದ.

"ಬರ್ಕೊಟ್ರೆ ನಾನು ಎದ್ದು ಹೋಗ್ಬೇಕಾಗುತ್ತೆ ಅಣ್ಣಾ. ಎರಡೂ ಮಂಡಿ ಸವೆದುಹೋಗಿವೆ. ನಿಂತ್ಕೊಂಡು ಟಿಕೆಟ್ ಕೊಡೋಕಾಗಲ್ಲ."

"ಮಂಡಿಗೂ ಅದೇ ನಿಯಮ ಇತ್ತಲ್ಲೋ."

"ನಿಯಮ ಇತ್ತು. ಖಾಲಿ ಇದ್ದಿದ್ದು ಒಂದೇ ಜಾಗ."

"ನಿನ್ನ ದನಿ ನಂಬಿದ್ದೆ ಕಣೋ."

ಕಂಡಕ್ಟರ್ ಹೊರಡುವ ಬಸ್ಸುಗಳ ಪಟ್ಟಿಯತ್ತ ತಲೆ ತಗ್ಗಿಸಿದ. "ಬರ್ಲಿ ಅಂದಿದ್ದು ನಾನೇ ಇರ್ಬೋದು. ಸ್ಟೀರಿಂಗ್ ನಿನ್ನ ಕೈಲಿತ್ತಲ್ಲ ಅಣ್ಣಾ."

ಮೂವತ್ತನೆಯ ದಿನ ಸಂಜೆ, ಆ ಒಂದು ಸಾಲು ಬರದೆಯೇ, ಕಚೇರಿ ಮುಚ್ಚಿತು. ಡಿಪೋದ ಅಂಗಳದಲ್ಲಿ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು. ಗಾಜಿನ ಕಿಟಕಿ ಸರಿಸಿ ಹೊಸ ನಿಯಂತ್ರಕ, ಹಳೆಯ ರೂಢಿಯಂತೆ, "ಬರ್ಲಿ, ಬರ್ಲಿ" ಎಂದ. ನಿಧಾನಪ್ಪ ಗೇಟು ಬಿಟ್ಟು ಓಡಿಬಂದು ಬಸ್ಸಿನ ಬಾಗಿಲು ಬಡಿದ.

"ನಿಲ್ಸಪ್ಪ. ಇಳಿದು ನೀನೇ ನೋಡ್ಕೊಂಡು ತೆಗಿ."

ಡ್ರೈವರ್ ಗೊಣಗುತ್ತ ಇಳಿದು ಹಿಂದೆ ಹೋಗಿ ನೋಡಿದ. ಗೋಡೆಗೂ ಬಸ್ಸಿಗೂ ನಡುವೆ ಎರಡು ಮಾರು ಜಾಗವಿತ್ತು.

"ಅವ್ರು ಸರಿಯಾಗೇ ಹೇಳ್ತಿದ್ರಲ್ಲ ಯಜಮಾನ್ರೇ!"

"ಹೌದು," ಎಂದ ನಿಧಾನಪ್ಪ. "ಹತ್ತೊಂಬತ್ತು ವರ್ಷ ಸರಿಯಾಗೇ ಹೇಳ್ದ."