ಅಪ್ಪ ಕಲಿತ ಶಾಲೆ

ನಾವು ಗಡಿಯಾಚೆಯಿಂದ ಖಜೂರಿಗೆ ಬಂದಾಗ ನನಗೆ ಆರು ವರ್ಷ, ಅಕ್ಕನಿಗೆ ಹತ್ತು. ಅಪ್ಪ ರಸ್ತೆ ಬದಿ ಲಾರಿಗಳ ಪಂಕ್ಚರ್ ಅಂಗಡಿ ಹಾಕಿದ. ಮರಾಠಿ ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸಿದ್ದ ಅಕ್ಕ, ನನ್ನ ಒಂದನೇ ತರಗತಿಯ ಪುಸ್ತಕ ನೋಡಿಯೇ ಕನ್ನಡ ಅಕ್ಷರ ತಿದ್ದಿದಳು. ಎಂಟು ವರ್ಷಕ್ಕೆ ಆಳಂದದ ಕಾಲೇಜಿನಲ್ಲಿ ಪಿಯುಸಿಗೆ ಮೊದಲನೆಯವಳಾದಳು.

ಅವಳಿಗೆ ಕಲಬುರಗಿಯಲ್ಲಿ ನರ್ಸಿಂಗ್ ಓದುವ ಆಸೆ. ಈ ಭಾಗದವರಿಗೆ ಮೀಸಲಿಟ್ಟ ಸೀಟಿಗೆ ಹತ್ತು ವರ್ಷ ಇಲ್ಲಿದ್ದ ದಾಖಲೆ ಬೇಕಿತ್ತು. ಅವಳ ಬಳಿ ಎಂಟು ವರ್ಷದ್ದಷ್ಟೇ ಇತ್ತು. ತಾಲೂಕು ಕಚೇರಿಯ ಗುಮಾಸ್ತರು, "ನಿಮ್ಮಪ್ಪ ಏನರ ಈ ಕಡಿ ಸಾಲಿ ಕಲ್ತಾರೇನವ್ವ? ಆ ಕಾಗದ ತಂದ್ರೂ ನಡೀತದ," ಎಂದರು.

ಅಕ್ಕನ ಮುಖ ಅರಳಿತು. ಚಿಕ್ಕವನಿದ್ದಾಗ ಆಳಂದ ತಾಲೂಕಿನ ಸೋದರಮಾವನ ಮನೆಯಲ್ಲಿದ್ದು ಏಳನೇ ತನಕ ಕಲಿತಿದ್ದೇನೆಂದು ಅಪ್ಪ ಯಾವಾಗಲೂ ಹೇಳುತ್ತಿದ್ದ. ಏನಾದರೂ ಓದಲು ಕೊಟ್ಟರೆ ಮಾತ್ರ ಕಣ್ಣು ಮಂಜು ಎನ್ನುತ್ತಿದ್ದ.

ಮೂವರೂ ಬಸ್ಸು ಹತ್ತಿ ಆ ಮಾವನ ಊರಿನ ಶಾಲೆಗೆ ಹೋದೆವು. ಹೆಡ್‌ಮಾಸ್ತರು ಹಳೆಯ ದಾಖಲಾತಿ ಪುಸ್ತಕ ತೆಗೆದು ಸಾಲುಸಾಲಿಗೂ ಬೆರಳಿಟ್ಟು ಹುಡುಕಿದರು. ಅಕ್ಕನೂ ಬಗ್ಗಿ ನೋಡುತ್ತಿದ್ದಳು. ಅವರು ಮೂರನೆಯ ಪುಸ್ತಕಕ್ಕೆ ಕೈ ಹಾಕಿದಾಗ ಅಪ್ಪ ಹೇಳಿದ:

"ಬಿಡ್ರಿ ಸರ್, ಸಿಗಂಗಿಲ್ಲ. ನಾ ಸಾಲಿಗಿ ಬಂದೇ ಇಲ್ರಿ. ಮಾಮಾನ ದನ ಕಾಯ್ತಿದ್ದೆ. ಮಕ್ಕಳ ಮುಂದ ಹೇಳಾಕ ನಾಚಿಕಿ ಆಗಿತ್ತು."

ಹೆಡ್‌ಮಾಸ್ತರು ಮೆಲ್ಲಗೆ ಪುಸ್ತಕ ಮುಚ್ಚಿದರು. ಬರುವಾಗ ಬಸ್ಸಿನಲ್ಲಿ ಅಕ್ಕ ಅಪ್ಪನ ಪಕ್ಕದಲ್ಲೇ ಕೂತಳು. "ಮೊದ್ಲೇ ಹೇಳಿದ್ರ ನಾನೇ ನಿನಗ ಓದಾಕ ಕಲಸ್ತಿದ್ದೆ ಅಪ್ಪಾ," ಎಂದಳು. ಖಜೂರಿ ಬರುವ ತನಕ ಅಪ್ಪ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಆ ಸೀಟು ಬೇರೆಯವರ ಪಾಲಾಯಿತು. ಮರುವರ್ಷ ಅಕ್ಕನನ್ನು ಅಫಜಲಪುರಕ್ಕೆ ಮದುವೆ ಮಾಡಿಕೊಟ್ಟರು. ಇನ್ನೊಂದು ವರ್ಷ ತಡೆದಿದ್ದರೆ ಹತ್ತು ತುಂಬುತ್ತಿತ್ತು. ಯಾರೂ ತಡೆಯಲಿಲ್ಲ. ನಾನೂ ಒಂದು ಮಾತು ಆಡಲಿಲ್ಲ. ಮದುವೆಗೆ ಹೊಸ ಬಟ್ಟೆ ಬಂದ ಖುಷಿಯಲ್ಲಿದ್ದೆ.

ಅದೇ ನರ್ಸಿಂಗ್ ಸೀಟಿಗೆ ನನ್ನ ಸರದಿ ಬಂದಾಗ ಏನೂ ಅಡ್ಡಿಯಾಗಲಿಲ್ಲ. ಒಂದನೇ ತರಗತಿಯಿಂದ ಇಲ್ಲೇ ಓದಿದವಳು ನಾನು. ಈ ಭಾಗದವಳೆಂಬ ಪ್ರಮಾಣಪತ್ರ ಹಿಡಿದು ನೇರ ಅಕ್ಕನ ಮನೆಗೆ ಹೋದೆ. ಅವಳು ಬ್ಲೌಸ್ ಹೊಲಿಯುತ್ತಿದ್ದಳು. ಕೈ ಒರೆಸಿಕೊಂಡು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು.

"ಹೆಸರು ಬರೋಬರಿ ಬರ್ದಾರ," ಎಂದಳು. "ಹಾಸ್ಟೆಲ್‌ನ್ಯಾಗ ಊಟ ಚಲೋ ಇರ್ತದಂತೇನು?"

ಚಹಾ ಇಡುತ್ತೇನೆಂದು ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಎದ್ದು ಹೋಗಿ ನೋಡುವ ಧೈರ್ಯ ನನಗಾಗಲಿಲ್ಲ.