ರೆಫರಿ ಈರಪ್ಪ ಯಾರ ಕಡಿಯಾಂವ

ಗೆಳೆಯಾರ, ಗಜೇಂದ್ರಗಡದಾಗ ಇವತ್ತ ಫುಟ್ಬಾಲ್ ಆಟ ನಡೀಲಿಲ್ಲ, ಜಗಳ ಮಾತ್ರ ನಡೀತು. ಅದೂ ಸತ್ತವನ ಮನಿ ಮುಂದ.

ಊರಾಗ ಇರೋದ ಒಂದ ಮೈದಾನ. ನೇಕಾರ ಓಣಿಯ ನಮ್ಮ ತಂಡಕ್ಕೂ ಅದ, ಪೇಟಿ ತಂಡಕ್ಕೂ ಅದ. ಇಬ್ಬರಿಗೂ ರೆಫರಿ ಒಬ್ಬನ, ಮುದುಕ ಈರಪ್ಪ. ನಾವು ಸೋತರ "ಅಂವ ಪೇಟಿಯವ್ರ ಮನಶ್ಯಾ" ಅಂತಿದ್ವಿ. ಅವರು ಸೋತರ "ಅಂವ ನೇಕಾರರಾಂವ" ಅಂತಿದ್ರು. ಇವತ್ತ ಮುಂಜಾನೆ ಈರಪ್ಪ ತೀರಿಕೊಂಡ.

ಹೆಣಾ ಹೊರೂ ಸಿದಿಗಿ ಕಟ್ಟಾಕ ಲಗೂ ಬಿದಿರು ಸಿಗಲಿಲ್ಲ. ನಾವು ನಮ್ಮ ಕಡಿ ಗೋಲಿನ ಒಂದ ಬಿದಿರ ಕಂಬಾನ ಕಿತ್ತ ತಂದ್ವಿ. ಪೇಟಿಯವ್ರೂ ತಮ್ಮ ಕಡೀದೊಂದ ಕಿತ್ತ ತಂದ್ರು.

"ನಮ್ಮ ಬಿದಿರ ಹಾಕ್ರಿ, ಈರಪ್ಪ ನಮ್ಮಾಂವ" ಅಂದ ಅವರ ಕ್ಯಾಪ್ಟನ್.

"ಯಾವಾಗಿಂದಲೇ ನಿಮ್ಮಾಂವ? ನಮ್ಮ ಓಣ್ಯಾಗ ಮಗ್ಗ ಹೂಡಿದಾಂವ!" ಅಂತ ನಾನೂ ಮೈಮ್ಯಾಲ ಹೋದೆ.

ಈರಪ್ಪನ ಹೆಂಡ್ತಿ ಹೊಸ್ತಿಲ ದಾಟಿ ಬಂದ್ಲು. "ಸ್ವರಾಜ್ಯ ಬಂದಾಗಿಂದ ನಿಮ್ಮಿಬ್ಬರ ಬೈಗಳಾ ತಿಂದ ಮನಿಗಿ ಬರ್ತಿದ್ದ. ಯಾರರ ಒಂದ ದಿನ 'ನಮ್ಮಾಂವ' ಅಂದಿದ್ರ, ಅವತ್ತ ಹೊಟ್ಟಿ ತುಂಬ ಉಣ್ತಿದ್ದನಪಾ."

ಅವರದೊಂದ, ನಮ್ಮದೊಂದ ಬಿದಿರು ಹಾಕಿ ಸಿದಿಗಿ ಕಟ್ಟಿ, ಕೂಡಿ ಹೊತ್ತ ಒಯ್ದ್ವಿ.

ಮಣ್ಣ ಮಾಡಿ ಬರೂ ಮುಂದ ಮೈದಾನ ನೋಡಿದೆ. ಎರಡೂ ಗೋಲಿಗೆ ಒಂದೊಂದ ಕಂಬ ಉಳದಾವ. ಬಿದಿರು ನಾಳಿ ತಂದ ಹುಗೀಬಹುದು. ಇಬ್ಬರ ಕಡಿಂದಾನೂ ಬೈಸಿಕೊಳ್ಳಾಕ ಇನ್ನೊಬ್ಬನ್ನ ಎಲ್ಲಿಂದ ತರೂದು?